ಹೊಟ್ಟೆಗುಂಡಿನ ಅಡಿಯ ಸಭೆ

ನಮ್ಮೂರಿನಲ್ಲಿ ಬಂಡೆಗಳು ಮಗ್ಗುಲು ಬದಲಾಯಿಸುತ್ತವೆ. ಚಿಕ್ಕವು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಆನೆಗಾತ್ರದವು ಹತ್ತು ಹನ್ನೆರಡು ವರ್ಷಕ್ಕೊಮ್ಮೆ, ಮನೆಗಾತ್ರದವು ಇನ್ನೂ ನಿಧಾನ. ಹೊರಳುವುದು ಸಾಮಾನ್ಯವಾಗಿ ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ. ಪರಊರಿನವರು ಇದನ್ನು ಕೇಳಿ ಮೂಗಿನ ಮೇಲೆ ಬೆರಳಿಡುತ್ತಾರೆ. ನಮಗೆ ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ನಮ್ಮ ಮನೆಗಳಿಗೆ ಎದುರುಬದುರಾಗಿ ಎರಡು ತಲೆಬಾಗಿಲು. ಒಂದಕ್ಕೆ ಬಂಡೆ ಅಡ್ಡ ಬಂದರೆ ಇನ್ನೊಂದು ಇರಲಿ ಎಂದು. ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವ ಮೊದಲು, ನಿಮ್ಮ ಹಿತ್ತಲ ಗುಂಡು ಹೊರಳಿ ಎಷ್ಟು ವರ್ಷವಾಯಿತು ಎಂದು ಕೇಳುತ್ತಾರೆ. ಬಂಡೆ ಹೊರಳಿದಾಗ ಅದರಡಿಯ ನೆಲ ಬಯಲಾಗಿ, ಹಿಂದಿನ ಸಲ ಸಿಕ್ಕಿಕೊಂಡಿದ್ದ ಸಾಮಾನುಗಳೆಲ್ಲ ಹಪ್ಪಳದಂತೆ ಚಪ್ಪಟೆಯಾಗಿ, ಆದರೆ ಕೊಂಚವೂ ಕೆಡದೆ ಸಿಗುತ್ತವೆ. ನನ್ನ ತಾಯಿ ಮದುವೆಗೆ ಮುಂಚೆ ಕಳೆದುಕೊಂಡಿದ್ದ ತಾಮ್ರದ ಚೊಂಬು ನನಗೆ ಮೂವತ್ತಾದಾಗ ಸಿಕ್ಕಿತು. ಈಗ ಅದರ ಮೇಲೆ ದೋಸೆ ಹುಯ್ಯುತ್ತೇವೆ.

ನನ್ನ ಹೆಸರು ದೇವಣ್ಣ, ಊರವರ ಬಾಯಲ್ಲಿ ದ್ಯಾವಣ್ಣ. ನಾನು ಇಲ್ಲಿನ ಬಂಡೆ ಇಂಜಿನಿಯರುಗಳ ಸಂಘದ ಕಾರ್ಯದರ್ಶಿ. ಯಾವ ಬಂಡೆ ಯಾವಾಗ ಹೊರಳುತ್ತದೆ, ಯಾವ ಕಡೆಗೆ ಹೊರಳುತ್ತದೆ ಎಂದು ಮುಂಚಿತವಾಗಿ ಹೇಳುವುದು ನಮ್ಮ ಕಸುಬು. ಸಂಘ ಹುಟ್ಟುವ ಮೊದಲು ಈ ಕಸುಬಿಗೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಹಾರೆಗೋಲು ಹಿಡಿದವರೆಲ್ಲ ಇಂಜಿನಿಯರುಗಳೇ. ಪುಟ್ಟತಾಯಮ್ಮನ ಸಂಸಾರ ಒಬ್ಬನ ಮಾತು ಕೇಳಿ ಮನೆ ಖಾಲಿ ಮಾಡಿತು, ಇನ್ನೊಬ್ಬನ ಮಾತು ಕೇಳಿ ವಾಪಸು ಬಂತು, ಮೂರನೆಯವನ ಮಾತು ಕೇಳಿ ಮತ್ತೆ ಗಾಡಿಗೆ ಸಾಮಾನು ಹೇರಿತು. ಅಷ್ಟರಲ್ಲಿ ಬಂಡೆ ಬಂದು ಆ ಗಾಡಿಯ ಮೇಲೆಯೇ ಮಲಗಿತು. ಎತ್ತು ಇನ್ನೂ ಹೂಡಿರಲಿಲ್ಲ, ಪುಣ್ಯ.

ಆ ಕಾಲದಲ್ಲಿ ನಂಬಬಹುದಾದ ಕಿವಿ ಊರಿನಲ್ಲಿ ಒಂದೇ ಇತ್ತು, ಕಲ್ಲುಕುಟಿಗರ ಬೀದಿಯ ನರಸಕ್ಕನದು. ತನ್ನ ಭುಜದೆತ್ತರದ ಹಾರೆಯಿಂದ ಬಂಡೆಯ ಹೊಟ್ಟೆಗೆ ಮೂರು ಸಲ ತಟ್ಟಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಟಣ್ ಎಂದರೆ ಬಂಡೆ ಗಾಢನಿದ್ದೆಯಲ್ಲಿದೆ ಎಂದರ್ಥ. ಪೊಳ್ಳು ಸದ್ದು ಬಂದರೆ ಅದರ ಹೊಟ್ಟೆ ನೆಲ ಬಿಟ್ಟಿದೆ ಎಂದರ್ಥ. ಅನುಮಾನವಿದ್ದರೆ ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಬಂಡೆಗೂ ನೆಲಕ್ಕೂ ಸೇರಿಸಿ ಒಂದು ಪಟ್ಟಿ ಮೆತ್ತಿ ಬರುತ್ತಿದ್ದಳು. ಒಣಗಿದ ಪಟ್ಟಿಯಲ್ಲಿ ಬಿರುಕು ಬಿದ್ದಿತೋ, ಗಂಟುಮೂಟೆ ಕಟ್ಟಬೇಕು. ಮುಂದೆ ಸಂಘ ಕಟ್ಟಿದ ನಾವು ನಾಲ್ವರೂ ತಟ್ಟುವುದನ್ನು ಕಲಿತದ್ದು ಅವಳಿಂದಲೇ.

ಸಂಘದ ಮೊದಲ ಸಭೆ ಸೇರಿದ್ದು ಇಪ್ಪತ್ತೆರಡು ವರ್ಷಗಳ ಹಿಂದೆ, ಊರ ಮುಂದಿನ ಹೊಟ್ಟೆಗುಂಡು ಎಂಬ ಬಂಡೆಯ ನೆರಳಿನಲ್ಲಿ. ಒಂದು ಜಮಖಾನ, ಒಂದು ತಟ್ಟೆ ಎಲೆಅಡಿಕೆ, ಒಂದು ಹೊಸ ನಡವಳಿ ಪುಸ್ತಕ. ಶಾಲೆಯ ವಾಸುದೇವ ಮೇಷ್ಟ್ರು, ಗುತ್ತಿಗೆದಾರ ಮುಕುಂದಯ್ಯನವರು, ಕರಿಯಣ್ಣ ಮತ್ತು ನಾನು ಕೂತಿದ್ದೆವು. ನರಸಕ್ಕನೂ ಬಂದಿದ್ದಳು, ಆದರೆ ಕೂರಲಿಲ್ಲ. "ಕೂರೋ ಮುಂಚೆ ಇದ್ನ ಒಂದ್ಸಲ ತಟ್ಟಿ ಬರ್ತೀನಿ ಇರಿ," ಎಂದು ಗುಂಡಿನ ಹಿಂದಕ್ಕೆ ಹೋದಳು. ಮೇಷ್ಟ್ರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಏನೋ ಬರೆಯುತ್ತಿದ್ದರು. ಅವರಿಗೆ ಕೈ ತೊಳೆದದ್ದನ್ನೂ ಬರೆದಿಡುವ ಚಾಳಿ. ಎರಡು ಎಲೆ ಮಡಿಸುವಷ್ಟರಲ್ಲಿ ಹಿಂದಿನಿಂದ ನರಸಕ್ಕನ ಕೂಗು ಬಂತು: "ಏಳ್ರೋ! ಎದ್ದು ಓಡ್ರೋ!" ಓಡಿದೆವು. ಗುಂಡು ನಿಧಾನವಾಗಿ ಬಂದು ಜಮಖಾನ, ತಟ್ಟೆ, ಪುಸ್ತಕ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿತು.

ಮಾರನೆಯ ದಿನ ಶಾಲೆಯ ಕೊಠಡಿಯಲ್ಲಿ ಮತ್ತೆ ಸೇರಿದೆವು. ನರಸಕ್ಕ ಬರಲಿಲ್ಲ. ಒಂದು ಬಂಡೆ ಹೊರಳಿದರೆ ಅಕ್ಕಪಕ್ಕದವನ್ನೆಲ್ಲ ತಟ್ಟಿ ನೋಡಬೇಕು. ಅವಳು ಆ ಕೆಲಸದಲ್ಲಿದ್ದಳು. ಮೇಷ್ಟ್ರು ಇನ್ನೊಂದು ಪುಸ್ತಕ ತೆರೆದು, "ಮೊದಲ ಸಭೆ ಹೊಟ್ಟೆಗುಂಡಿನ ಅಡಿಯಲ್ಲಿ ಸಾಂಗವಾಗಿ ನಡೆದಿದ್ದು, ಅದರ ನಡವಳಿಯಂತೆ ಇದು ಎರಡನೆಯ ಸಭೆ" ಎಂದು ಶುರು ಮಾಡಿ, "ನಿನ್ನೆ ಯಾರ್ಯಾರು ಕೂತಿದ್ವಿ ಹೇಳಯ್ಯ ದ್ಯಾವಣ್ಣ," ಎಂದರು. ನಾನು ಜಮಖಾನದ ಮೇಲೆ ಕೂತಿದ್ದವರನ್ನು ನೆನೆಸಿಕೊಂಡು ನಾಲ್ಕು ಹೆಸರು ಹೇಳಿದೆ. ನಿಂತಿದ್ದವಳು ಲೆಕ್ಕಕ್ಕೆ ಬರಲಿಲ್ಲ. ಅದು ನಾನು ಮಾಡಿದ ಮೊದಲ ತಪ್ಪು.

ಸಂಘ ಬೆಳೆಯಿತು. ಬಂಡೆಗಳಿಗೆ ನಂಬರು ಬಂತು, ನಂಬರಿಗೊಂದು ಪುಟ ಬಂತು. ಯಾವ ಬಂಡೆಯನ್ನೂ ಇಬ್ಬರು ಸದಸ್ಯರು ಬೇರೆಬೇರೆಯಾಗಿ ತಟ್ಟಿದ ಮೇಲೆಯೇ ಸರ್ಟಿಫಿಕೇಟು ಎಂದಾಯಿತು. ಅಪಾಯವಿದ್ದರೆ ಕಾರ್ಯದರ್ಶಿ ಬಾರಿಸಲೆಂದು ಒಂದು ಕಂಚಿನ ಗಂಟೆ ಬಂತು. ಜಂಬವೆಂದುಕೊಳ್ಳಬೇಡಿ, ಆಮೇಲೆ ಊರಿನಲ್ಲಿ ಬಂಡೆಯಡಿ ಸಿಕ್ಕಿದ್ದು ಒಂದು ಕೋಳಿ ಮಾತ್ರ, ಅದೂ ಹಟಮಾರಿ ಕೋಳಿ. ಸದಸ್ಯರು ನಾಲ್ವರಿದ್ದದ್ದು ನಲವತ್ತಾಗಿ, ನೂರ ನಲವತ್ತಮೂರಾದರು. ಎದೆಗೆ ಸಿಕ್ಕಿಸಿಕೊಳ್ಳಲು ಹಿತ್ತಾಳೆಯ ಬಿಲ್ಲೆ, ಸೇರುವವರಿಗೆ ಲಿಖಿತ ಪರೀಕ್ಷೆ, ಕೊನೆಗೆ ಉಪಸಮಿತಿಗಳನ್ನು ನೋಡಿಕೊಳ್ಳಲು ಒಂದು ಉಪಸಮಿತಿ. ಮೇಷ್ಟ್ರು ತೀರಿಕೊಂಡ ಮೇಲೆ ಕಾರ್ಯದರ್ಶಿಯ ಕುರ್ಚಿ ನನಗೆ ಬಂತು. ಅಧ್ಯಕ್ಷರ ಕುರ್ಚಿಯಲ್ಲಿ ಮುಕುಂದಯ್ಯನವರು ಮೊದಲ ದಿನದಿಂದಲೂ ಕೂತೇ ಇದ್ದರು.

ನರಸಕ್ಕ ಮೂರು ಸಲ ಅರ್ಜಿ ಹಾಕಿದಳು. ಮೊದಲನೆಯದು ಶಾಲೆಯ ಅಂಕಪಟ್ಟಿ ಲಗತ್ತಿಸಿಲ್ಲವೆಂದು ವಾಪಸಾಯಿತು. ಎರಡನೆಯ ಸಲ ಪರೀಕ್ಷೆಗೆ ಕೂತಳು. ಬಂಡೆ ಹೊರಳುವ ಮುನ್ಸೂಚನೆಗಳು ಯಾವುವು, ವಿವರಿಸಿ, ಎಂಬಂಥ ಹತ್ತು ಪ್ರಶ್ನೆಗಳಿಗೂ ದೊಡ್ಡ ದೊಡ್ಡ ಅಕ್ಷರದಲ್ಲಿ ಒಂದೇ ಉತ್ತರ ಬರೆದಿದ್ದಳು: "ಯಾವ ಬಂಡೆ, ತೋರಿಸಿ, ಹೇಳ್ತೀನಿ." ಉತ್ತರಪತ್ರಿಕೆ ತಿದ್ದಿದವನು ನಾನು. ಸೊನ್ನೆ ಕೊಟ್ಟೆ. ಮಾದರಿ ಉತ್ತರದಲ್ಲಿ ಹಾಗಿರಲಿಲ್ಲ, ನಾನೇನು ಮಾಡಲಿ? ಮೂರನೆಯದಕ್ಕೆ ಸೂಚಕರು, ಅನುಮೋದಕರು ಬೇಕಿತ್ತು. ನಾನು ಸೂಚಿಸಬಹುದಿತ್ತು. ಆದರೆ ಕಾರ್ಯದರ್ಶಿ ಯಾರ ಪಕ್ಷವನ್ನೂ ವಹಿಸಬಾರದೆಂದು ಸುಮ್ಮನಿದ್ದೆ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಇನ್ನು ಹನ್ನೊಂದನೆಯ ಬೈಲಾ. ಕರಿಯಣ್ಣ ತನ್ನ ಹಿತ್ತಲ ಬಂಡೆಗೆ ತಾನೇ ಸರ್ಟಿಫಿಕೇಟು ಬರೆದುಕೊಂಡು, ಅದನ್ನು ತೋರಿಸಿ ಮಗಳ ಮದುವೆ ಕುದುರಿಸಿ, ಬೀಗರು ಜಗಲಿಯಲ್ಲಿ ಕೂತಿರುವಾಗಲೇ ಬಂಡೆ ಬಂದು ಅವರ ಚಪ್ಪಲಿಗಳ ಮೇಲೆ ಮಲಗಿದ ಮೇಲೆ, ಇಂಥದ್ದಕ್ಕೆಲ್ಲ ಒಂದು ಕಡಿವಾಣ ಬೇಕೆಂದು ಎಲ್ಲರಿಗೂ ಅನಿಸಿತು. ನಾನು ಮೂರು ದಿನ ಕೂತು ಬರೆದೆ: "ತಾನು ವಾಸಿಸುವ, ತನಗೆ ಪಾಲಿರುವ, ಅಥವಾ ತಾನು ಒಂದು ಕಲ್ಲನ್ನಾದರೂ ಇಟ್ಟ ಕಟ್ಟಡಕ್ಕೆ ತಾಗಿದ ಬಂಡೆಯನ್ನು ಸದಸ್ಯನು ತಟ್ಟಕೂಡದು." ಸಭೆ ಚಪ್ಪಾಳೆ ತಟ್ಟಿತು. ಅದನ್ನು ಚೌಕಟ್ಟು ಹಾಕಿಸಿ ಮನೆಯ ಗೋಡೆಗೂ ಒಂದು ನೇತುಹಾಕಿದೆ.

ಸಂಘಕ್ಕೆ ಸ್ವಂತ ಕಟ್ಟಡ ಬೇಕೆಂದಾದಾಗ ಹುಟ್ಟಿದ ಜಾಗದ ಮಗ್ಗುಲಲ್ಲೇ ಆಗಬೇಕೆಂದರು ಮುಕುಂದಯ್ಯನವರು. ಹೊಟ್ಟೆಗುಂಡು ಅಂದು ಹೊರಳಿ ಬಿಟ್ಟುಹೋಗಿದ್ದ ಜಾಗ ಕಣದಂತೆ ಸಮತಟ್ಟಾಗಿತ್ತು. ನಮ್ಮ ಸೂತ್ರ ಹಾಕಿ ನೋಡಿದರೆ ಗುಂಡು ಮುಂದೆ ಹೊರಳುವುದು ಇನ್ನು ನಲವತ್ತು ವರ್ಷಕ್ಕೆ. ಸರಿ, ಅದಕ್ಕೆ ಒರಗಿಸಿಯೇ ಕಟ್ಟಡ ಎದ್ದಿತು. ಪ್ರತಿಯೊಬ್ಬ ಸದಸ್ಯನೂ ತನ್ನ ನಂಬರು ಕೆತ್ತಿದ ಒಂದು ಕಲ್ಲನ್ನು ಕೈಯಾರೆ ಗೋಡೆಯಲ್ಲಿಡಬೇಕು, ಹೊಸದಾಗಿ ಸೇರುವವರೂ ಇಡಬೇಕು ಎಂಬ ನಿರ್ಣಯವಾಯಿತು. ನೂರ ನಲವತ್ತಮೂರು ಜನರೂ ಇಟ್ಟರು, ಫೋಟೋ ತೆಗೆಸಿಕೊಂಡರು. ಪ್ರಾರಂಭೋತ್ಸವಕ್ಕೆ ಒಂದು ವಾರವಿದೆ ಎನ್ನುವಾಗ ಪುರಸಭೆಯಿಂದ ಕಾಗದ ಬಂತು: ಬಂಡೆಗೆ ತಾಗಿದ ಕಟ್ಟಡವಾದ್ದರಿಂದ ಬಂಡೆ ತಟ್ಟಿದ ವರದಿ ಹಾಜರುಪಡಿಸತಕ್ಕದ್ದು. ಅದು ನಾವೇ ಒತ್ತಾಯ ಮಾಡಿ ಮಾಡಿಸಿದ್ದ ನಿಯಮ.

"ಯಾರಾದ್ರೂ ಇಬ್ರು ಹೋಗಿ ತಟ್ಟಿ ಬರ್ರಪ್ಪ, ಅದೇನ್ ಮಹಾ," ಎಂದರು ಮುಕುಂದಯ್ಯನವರು ಕಾರ್ಯಕಾರಿ ಸಮಿತಿಯಲ್ಲಿ. ನಾನು ಗಂಟಲು ಸರಿಮಾಡಿಕೊಂಡು, "ಆಗಲ್ಲ ಸಾರ್. ಹನ್ನೊಂದನೇ ಬೈಲಾ. ಎಲ್ರೂ ಕಲ್ಲಿಟ್ಟಿದೀವಿ," ಎಂದೆ. ಮುಕುಂದಯ್ಯನವರು ಮೇಜು ಕುಟ್ಟಿದರು. "ಯಾರ್ರೀ ಅದನ್ನ ಬರ್ದಿದ್ದು?" "ನಾನೇ ಸಾರ್." ಕರಿಯಣ್ಣ ಮಾತ್ರ ಬಿದ್ದು ಬಿದ್ದು ನಗುತ್ತಿದ್ದ. "ನಾನು ರಾಜೀನಾಮೆ ಕೊಡ್ತೀನಿ, ನನ್ ಕಲ್ಲು ಕಿತ್ಕೊಡ್ರಪ್ಪ, ಹೋಗಿ ತಟ್ಟಿ ಬರ್ತೀನಿ," ಎಂದ. ಹೋಗಿ ನೋಡಿದರೆ ಅವನ ಕಲ್ಲು ಬಾಗಿಲ ಮೇಲಿನದು. ಕಿತ್ತರೆ ಬಾಗಿಲೇ ಬೀಳುತ್ತದೆ. ಊರಿನಲ್ಲಿ ಬಂಡೆ ತಟ್ಟಲು ಬಲ್ಲವರೂ ಆಗಿರಬೇಕು, ಸದಸ್ಯರೂ ಆಗಿರಬಾರದು. ಎಲ್ಲರ ಬಾಯಿಗೂ ಒಂದೇ ಹೆಸರು ಬಂತು, ಯಾರೂ ಹೇಳಲಿಲ್ಲ. ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು.

ನರಸಕ್ಕ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಅರವತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಮೊರ ನಿಲ್ಲಿಸದೆಯೇ, "ಏನ್ ದ್ಯಾವಣ್ಣ, ಈ ಸಲ ಯಾವ್ ಕಾಗ್ದ ಕಮ್ಮಿ ಅಂತ ಹೇಳಕ್ ಬಂದೆ?" ಎಂದಳು. ನಾನು ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವಳು ನಕ್ಕ ನಗುವಿಗೆ ಮೊರದ ರಾಗಿಯೆಲ್ಲ ಚೆಲ್ಲಿತು. "ನೂರ್ ನಲವತ್ಮೂರ್ ಜನ ಇಂಜಿನಿಯರ್ರು, ಒಂದ್ ಗುಂಡು ತಟ್ಟಕ್ಕೆ ದಿಕ್ಕಿಲ್ವಾ!" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ನಗು ನಿಂತಿತು. "ನಾನೂ ಮೆಂಬರ್ ಆದ್ರೆ?"

"ಮೆಂಬರ್ ಆದ್ರೆ ಕಲ್ಲಿಡ್ಬೇಕು ಅಕ್ಕ. ಕಲ್ಲಿಟ್ರೆ ತಟ್ಟೋ ಹಾಗಿಲ್ಲ."

"ಅಂದ್ರೆ ನಾನು ಹೊರಗಿರೋದೇ ನಿಮ್ಗೆ ಅನುಕೂಲ ಆಯ್ತು."

ನನಗೆ ತಲೆ ಎತ್ತಲಾಗಲಿಲ್ಲ. ಎತ್ತಿದರೆ ಎದುರು ಗೋಡೆಯಲ್ಲಿ ಒಂದು ಮೊಳೆ. ಮೊದಲನೆಯ ಅರ್ಜಿ ಹಾಕಿದ ದಿನವೇ ಸದಸ್ಯತ್ವದ ಪತ್ರ ನೇತುಹಾಕಲೆಂದು ಹೊಡೆದ ಮೊಳೆ ಅದೆಂದು ನನಗೆ ಗೊತ್ತಿತ್ತು. ಈಗ ಅದರಲ್ಲಿ ಜರಡಿ ತೂಗುತ್ತಿತ್ತು. ನರಸಕ್ಕ ಚೆಲ್ಲಿದ ರಾಗಿಯನ್ನು ಅಂಗೈಯಲ್ಲಿ ಬಳಿಯುತ್ತ ಹೇಳಿದಳು: "ಬಿಲ್ಲೆಗೋಸ್ಕರ ಅಲ್ಲ ಕಣಪ್ಪ. ಬಿಲ್ಲೆಗೇ ಅಂತ್ಲೇ ಇಟ್ಕೋ, ಏನಂತೆ. ಆದ್ರೆ ಅವತ್ತು ನಾನೂ ಇದ್ದೆ ಅಂತ ಯಾವ್ದಾದ್ರೂ ಒಂದ್ ಪುಸ್ತಕದಲ್ಲಿ ಇರ್ಬೇಕಲ್ವಾ? ನಾನ್ ಸತ್ಮೇಲೆ ಯಾರ್ ನಂಬ್ತಾರೆ?" ಹೇಳಿ, ಎದ್ದು, ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡಳು. "ನಡಿ. ಗುಂಡಿಗೇನ್ ಗೊತ್ತು ನಿಮ್ ಬೈಲಾ."

ಅವಳು ಹೊಟ್ಟೆಗುಂಡಿನ ಸುತ್ತ ಎರಡು ಸಲ ಬಂದಳು. ಮೂರು ಕಡೆ ಟಣ್ ಎಂದಿತು. ಕಟ್ಟಡಕ್ಕೆ ತಾಗದ ಆಚೆ ಮಗ್ಗುಲಿನಲ್ಲಿ ಮಾತ್ರ ಸದ್ದು ಪೂರಾ ಗಟ್ಟಿಯೂ ಅಲ್ಲ, ಪೂರಾ ಪೊಳ್ಳೂ ಅಲ್ಲ. ಆ ಮಗ್ಗುಲು ನೆಲ ಬಿಟ್ಟರೆ ಗುಂಡು ಬಂದ ದಾರಿಯಲ್ಲೇ ವಾಪಸು ಹೊರಳುತ್ತದೆ, ಅಂದರೆ ನಮ್ಮ ಕಟ್ಟಡದ ಮೇಲೆ. ನರಸಕ್ಕ ರಾಗಿಹಿಟ್ಟಿನ ಪಟ್ಟಿ ಮೆತ್ತಿ, "ಇದು ಬಿರಿದ್ರೆ ಒಳಗೆ ಕೂರ್ಬೇಡಿ," ಎಂದು ಹೋದಳು. ನಾನು ಐದು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಪಟ್ಟಿ ಬಿರಿಯಲಿಲ್ಲ. ಮುಕುಂದಯ್ಯನವರು, ತಟ್ಟಲಾಗಿದೆ, ಸಂದೇಹವೇನೂ ಕಂಡಿಲ್ಲ, ಎಂದು ಪುರಸಭೆಗೆ ಬರೆದು ಕಳಿಸಿದರು. ತಟ್ಟಿದವರ ಹೆಸರಿನ ಜಾಗದಲ್ಲಿ 'ಹೊರಗಿನವರು' ಎಂದಿತ್ತು.

ಪ್ರಾರಂಭೋತ್ಸವದ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಮುಕುಂದಯ್ಯನವರು ಜರಿಪೇಟ ಸುತ್ತಿದ್ದರು. ಹಿಂದೆ ಒಲೆಯ ಮೇಲೆ ಶಾವಿಗೆ ಪಾಯಸ ಕುದಿಯುತ್ತಿತ್ತು. ಸಂಘ ನಡೆದು ಬಂದ ದಾರಿ ಎಂದು ಅವರು ಭಾಷಣ ಶುರು ಮಾಡಿದಾಗ ನಾನು ಮೆಲ್ಲಗೆ ಗುಂಡಿನ ಹಿಂದಕ್ಕೆ ಹೋದೆ. ನರಸಕ್ಕ ಆಗಲೇ ಅಲ್ಲಿ ಮಂಡಿಯೂರಿ ಕೂತಿದ್ದಳು. ಪಟ್ಟಿಯ ನಡುವೆ ಕೂದಲೆಳೆಯಷ್ಟು ಬಿರುಕು. ಅವಳು ಹಾರೆಯನ್ನು ನನ್ನ ಕೈಗೆ ಕೊಡಲು ಬಂದು, ನಾನು ತಟ್ಟುವ ಹಾಗಿಲ್ಲವೆಂದು ನೆನಪಾಗಿ, ತಾನೇ ತಟ್ಟಿದಳು. ಖಾಲಿ ಡಬ್ಬದ ಸದ್ದು. "ಊಟದ್ ಹೊತ್ತು ಕಳೀತಿದ್ದಂಗೆ ಹೊರಳುತ್ತೆ. ಎಬ್ಬಿಸ್ ಎಲ್ರನ್ನೂ," ಎಂದಳು.

ಒಳಗೆ ಹೋಗಿ ಮುಕುಂದಯ್ಯನವರ ಕಿವಿಯಲ್ಲಿ ಹೇಳಿದೆ. ಅವರು ನಗುಮುಖ ಬಿಡದೆ, ಹಲ್ಲುಗಳ ನಡುವೆಯೇ ಕೇಳಿದರು: "ಯಾವ ಇಬ್ರು ಮೆಂಬರ್ ತಟ್ಟಿದ್ದು?" "ಯಾರೂ ಇಲ್ಲ ಸಾರ್. ನರಸಕ್ಕ." "ಇಬ್ರು ಮೆಂಬರ್ ತಟ್ಟಿ ಹೇಳ್ದೆ ಗಂಟೆ ಹೊಡಿಯೋ ಹಾಗಿಲ್ಲ. ನೀವೇ ಬರ್ದಿರೋದು, ಆರನೇ ಬೈಲಾ. ಹೋಗಿ ಕೂತ್ಕೊಳ್ರಿ." ನಾನು ನನ್ನ ಕುರ್ಚಿಯನ್ನು ನೋಡಿದೆ. ಹದಿನಾಲ್ಕು ವರ್ಷ ಕೂತ ಕುರ್ಚಿ. ಅದರ ಪಕ್ಕದಲ್ಲೇ ಗಂಟೆ ತೂಗುತ್ತಿತ್ತು. ಕೂರಲು ಹೋದವನ ಹಾಗೆ ಹೋಗಿ, ಹಗ್ಗ ಹಿಡಿದು ಎಳೆದೇ ಎಳೆದೆ.

ಗಂಟೆ ಕೇಳಿದ ಮೇಲೆ ನಮ್ಮೂರಿನಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ, ಮೊದಲು ಹೊರಗೆ ಬರುತ್ತಾರೆ. ಸಂಘ ಕಲಿಸಿದ ಪಾಠ ಅದು. ನೂರ ನಲವತ್ತು ಚಿಲ್ಲರೆ ಜನ ಎದುರಿನ ಬಯಲಿಗೆ ಬಂದರು. ಅಡುಗೆಯವರು ಪಾಯಸದ ಕೊಳಗವನ್ನು ಕೂಸಿನಂತೆ ಹೊತ್ತು ತಂದರು. ಕೊನೆಯಲ್ಲಿ ಮುಕುಂದಯ್ಯನವರು, ಪೇಟ ಓರೆಯಾಗಿ. ಎಲ್ಲರೂ ಗುಂಡನ್ನು ನೋಡುತ್ತ ನಿಂತೆವು. ಗುಂಡು ನಮ್ಮನ್ನು ನೋಡುತ್ತ ನಿಂತಿತು. ಹನ್ನೆರಡಾಯಿತು. ಒಂದಾಯಿತು. ಬಿಸಿಲಿಗೆ ಒಬ್ಬೊಬ್ಬರಾಗಿ ಗೊಣಗತೊಡಗಿದರು. ಮುಕುಂದಯ್ಯನವರು ಕರಿಯಣ್ಣನ ಬೆನ್ನನ್ನೇ ಮೇಜು ಮಾಡಿಕೊಂಡು ನನ್ನ ವಜಾ ಆದೇಶ ಬರೆದರು. ಬಿಲ್ಲೆ ಬಿಚ್ಚಿ ಅವರ ಕೈಗೆ ಕೊಟ್ಟೆ. ನರಸಕ್ಕ ಮಾತ್ರ ಹಾರೆ ಊರಿಕೊಂಡು, "ಊಟದ್ ಹೊತ್ತು ಕಳೀಲಿ, ಇರಿ," ಎಂದಳು.

ಎರಡು ಗಂಟೆಗೆ ಹೊಟ್ಟೆಗುಂಡು, ಉಂಡು ಮಲಗಿದವರು ಎಡಕ್ಕೆ ಹೊರಳುವ ಹಾಗೆ, ಒಂದಿಷ್ಟೂ ಅವಸರವಿಲ್ಲದೆ ಹೊರಳಿತು. ನೂರ ನಲವತ್ತಮೂರು ಕಲ್ಲುಗಳೂ ಒಟ್ಟಿಗೇ ಅಡಿಗೆ ಹೋದವು. ಧೂಳು ಇಳಿಯಿತು. ಮುಕುಂದಯ್ಯನವರು ತಾವು ಅರ್ಧ ಗಂಟೆ ಭಾಷಣ ಮಾಡಿದ್ದ ಜಾಗವನ್ನು ನೋಡಿದರು, ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡರು, ನನ್ನ ಬಿಲ್ಲೆಯನ್ನು ನನ್ನ ಜೇಬಿಗೆ ಹಾಕಿದರು.

ಗುಂಡು ಇಪ್ಪತ್ತೆರಡು ವರ್ಷ ಮಲಗಿದ್ದ ನೆಲ ಬಯಲಾಗಿತ್ತು. ರೂಢಿಯಂತೆ ಎಲ್ಲರೂ ಹುಡುಕಲು ಬಗ್ಗಿದರು. ಜಮಖಾನ ಸಿಕ್ಕಿತು. ಎಲೆಅಡಿಕೆ ತಟ್ಟೆ ರೊಟ್ಟಿಯಾಗಿ ಸಿಕ್ಕಿತು. ಅದರಡಿಯಲ್ಲಿ ನಡವಳಿ ಪುಸ್ತಕ. ಮೊದಲೇ ಚಪ್ಪಟೆಯಾಗಿದ್ದ ಅದಕ್ಕೆ ಏನೂ ಆಗಿರಲಿಲ್ಲ. ಮುಕುಂದಯ್ಯನವರು ಮೊದಲ ಪುಟ ತೆರೆದರು. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಪುಸ್ತಕವನ್ನು ನನಗೆ ಕೊಟ್ಟು, "ಗಟ್ಟಿಯಾಗಿ ಓದಿ, ಎಲ್ರಿಗೂ ಕೇಳ್ಲಿ," ಎಂದರು.

ಮೇಷ್ಟ್ರ ಮುತ್ತಿನಂಥ ಅಕ್ಷರ. ಇದ್ದದ್ದು ಎರಡೇ ಸಾಲು. "ನರಸಕ್ಕನವರು ಹೊರಗೆ ಬಂಡೆ ತಟ್ಟುತ್ತಿದ್ದಾರೆ. ಅವರು ಒಳಗೆ ಬಂದು ಕೂತ ಮೇಲೆ ಸಭೆ ಆರಂಭಿಸತಕ್ಕದ್ದು." ಮುಂದೆ ಪುಟ ಖಾಲಿ. ನಾವು ನಾಲ್ವರ ಹೆಸರು ಕೂಡ ಇರಲಿಲ್ಲ.

ಕರಿಯಣ್ಣನಿಗೇ ಮೊದಲು ಹೊಳೆದದ್ದು. "ಹಂಗಾದ್ರೆ ಸಭೆ ಶುರುನೇ ಆಗಿಲ್ಲ! ಸಂಘ ಇಲ್ಲ, ಬೈಲಾ ಇಲ್ಲ, ನೀವು ಅಧ್ಯಕ್ಷರೂ ಅಲ್ಲ ಮುಕುಂದಣ್ಣ!" ಎಂದು ಕೂಗಿದ. ನೂರ ನಲವತ್ತಮೂರು ಜನ ಏನೂ ಅಲ್ಲದವರಾಗಿ, ಊಟಕ್ಕೆಂದು ಹಂಚಿದ ಬಾಳೆಲೆಯನ್ನು ಕೈಯಲ್ಲಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನರಸಕ್ಕ ಪುಸ್ತಕ ಇಸಿದುಕೊಂಡು ಆ ಎರಡು ಸಾಲಿನ ಮೇಲೆ ಬೆರಳಾಡಿಸುತ್ತ, ತುಟಿ ಅಲ್ಲಾಡಿಸುತ್ತ ಓದಿಕೊಂಡಳು. ಓದಿ ಮುಗಿದ ಮೇಲೂ ಬೆರಳು ಅಲ್ಲೇ ಇತ್ತು. "ಏನ್ರೋ," ಎಂದಳು, "ಇಪ್ಪತ್ತೆರಡ್ ವರ್ಷದಿಂದ ನನ್ ದಾರಿ ಕಾಯ್ತಾ ಇದ್ರಾ?"

ಮುಕುಂದಯ್ಯನವರು ತಾವೇ ಜಮಖಾನ ಕೊಡವಿ ಹಾಸಿದರು. "ಬನ್ನಿ ನರಸಕ್ಕ, ಕೂತ್ಕೊಳ್ಳಿ." ಅವಳು ಒಂದು ಹೆಜ್ಜೆ ಇಟ್ಟು ನಿಂತಳು. "ಒಂದು ಹೊರಳಿದ್ ಮೇಲೆ ಪಕ್ಕದ್ದು ತಟ್ಬೇಕಲ್ಲಪ್ಪ. ಇರಿ, ಬಂದೆ," ಎಂದು ಹಾರೆ ಹೆಗಲಿಗಿಟ್ಟುಕೊಂಡು ಹೊರಟೇಬಿಟ್ಟಳು. ಬಡಿಸಲು ಸೌಟು ಎತ್ತಿದ ಅಡುಗೆಯವರನ್ನು ಮುಕುಂದಯ್ಯನವರು ಕೈಸನ್ನೆಯಲ್ಲೇ ತಡೆದರು. ಪಾಯಸ ಆರಿ ಗಟ್ಟಿಯಾಯಿತು. ಯಾರೂ ಕೂರಲಿಲ್ಲ. ಆಚೆಯಿಂದ ಒಂದೊಂದೇ ಬಂಡೆಯ ಸದ್ದು ಕೇಳಿಬರುತ್ತಿತ್ತು, ಟಣ್, ಟಣ್, ಟಣ್. ನಾವೆಲ್ಲ ಮೈಯೆಲ್ಲ ಕಿವಿಯಾಗಿ ನಿಂತಿದ್ದೆವು.

ಮುಕ್ಕಾಲು ಗಂಟೆ ಕಳೆದು ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು. "ಎಲ್ಲಾ ಮಲಗವೆ," ಎಂದು ಹಾರೆಯನ್ನು ಪಕ್ಕಕ್ಕಿಟ್ಟು ಜಮಖಾನದ ನಡುವೆ ಕಾಲು ಮಡಿಸಿ ಕೂತಳು. "ಹೂಂ, ಶುರು ಮಾಡ್ರಪ್ಪ." ಆಮೇಲೆ ನಾವೆಲ್ಲ ಕೂತೆವು. ನಾನು ಹಳೆಯ ಪುಸ್ತಕವನ್ನು ಮಂಡಿಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದೆ. ಒಳಗೆ ಎನ್ನಲು ಅಲ್ಲಿ ಒಂದು ಗೋಡೆಯೂ ಉಳಿದಿರಲಿಲ್ಲ. ಆದರೂ ಮೇಷ್ಟ್ರ ಸಾಲಿನ ಕೆಳಗೆ, ನನ್ನ ಕೋಳಿಕಾಲಿನ ಅಕ್ಷರದಲ್ಲಿ, ಹಾಗೆಯೇ ಬರೆದೆ: "ನರಸಕ್ಕನವರು ಒಳಗೆ ಬಂದರು. ಸಭೆ ಆರಂಭವಾಯಿತು."